ಹೆಸರು ಬೇಡ ಎಂದವರಿಗೆ

ಪತ್ರ: ಕುಲಾಂತರಿ, ಅಂದರೆ ಜೀನ್ ಬದಲಿಸಿದ, ಆಹಾರದ ಪೊಟ್ಟಣದ ಮೇಲೆ ಹಾಗೆಂದು ಬರೆಯಲೇಬೇಕು ಎಂದು ಕಳೆದ ಸಂಚಿಕೆಯಲ್ಲಿ ಹಟ ಹಿಡಿದಿದ್ದೀರಿ. ತಿನ್ನಲು ಸುರಕ್ಷಿತ ಎಂದು ವಿಜ್ಞಾನ ಹೇಳಿಯಾದ ಮೇಲೆ ಹಣೆಪಟ್ಟಿ ಯಾಕೆ? ಜನ ಸುಮ್ಮನೆ ಹೆದರುತ್ತಾರೆ, ಖರ್ಚೂ ಹೆಚ್ಚುತ್ತದೆ. ವಿಕಿರಣ ಹಾಯಿಸಿ ಬದಲಿಸಿದ ತಳಿಗಳಿಗೆ ಯಾವ ಪಟ್ಟಿ ಇದೆ? (ದಯವಿಟ್ಟು ನನ್ನ ಹೆಸರು ಪ್ರಕಟಿಸಬೇಡಿ.)

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ ಸಾಲು ಕಂಸದೊಳಗಿನದು. ಹೆಸರು ಕಂಡರೆ ಜನ ವಿಷಯ ಬಿಟ್ಟು ಆಸಾಮಿಯನ್ನು ಹಿಡಿದುಕೊಳ್ಳುತ್ತಾರೆ ಎಂಬ ಅಳುಕು ನಿಮಗಿದ್ದೀತು. ಪೊಟ್ಟಣ ಕಟ್ಟುವವರದೂ ಅದೇ ಅಳುಕು. ಇರಲಿ, ಹೆಸರು ಹಾಕಿಲ್ಲ. ಆದರೆ ನೀವು ಯಾರೆಂದು ನನಗೆ ಗೊತ್ತು, ಗೊತ್ತಿರುವುದರಿಂದಲೇ ಪತ್ರ ಅಚ್ಚಾಯಿತು. ಬೇನಾಮಿ ಪತ್ರಗಳಿಗೆ ಈ ಕಚೇರಿಯಲ್ಲಿ ಇರುವುದು ಒಂದೇ ಜಾಗ, ಅದು ನನ್ನ ಮೇಜಿನ ಕೆಳಗಿದೆ.

ವಿಜ್ಞಾನದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ಅಲ್ಲಿ ನಮಗೆ ಜಗಳವಿಲ್ಲ. ಈಗ ಮಾರಾಟದಲ್ಲಿರುವ ಕುಲಾಂತರಿ ಆಹಾರದಿಂದ ಉಳಿದ ಆಹಾರಕ್ಕಿಂತ ಹೆಚ್ಚಿನ ಅಪಾಯ ಇದೆ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ ಎಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2016ರಲ್ಲಿ ಹೇಳಿದವು. ಗಡ್ಡೆ ಬೆಳೆದ ಇಲಿಗಳ ಚಿತ್ರ ತೋರಿಸಿ 2012ರಲ್ಲಿ ಲೋಕವನ್ನು ಬೆಚ್ಚಿಬೀಳಿಸಿದ ಫ್ರಾನ್ಸಿನ ಪ್ರಬಂಧವನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ ಮರುವರ್ಷ ಹಿಂತೆಗೆದುಕೊಂಡಿತು. ವಿಕಿರಣದ ಮಾತೂ ನಿಜವೇ. ಕೆಂಪು ತಿರುಳಿನ ‘ರಿಯೋ ರೆಡ್’ ಗ್ರೇಪ್‌ಫ್ರೂಟ್ (ಚಕ್ಕೋತದ ಜಾತಿಯ ಹಣ್ಣು) ಹಾಗೆ ಹುಟ್ಟಿದ ತಳಿ. ಅದಕ್ಕೂ ಪಟ್ಟಿ ಹಚ್ಚಲಿ, ಬೇಡ ಎಂದವರು ಯಾರು?

ಇನ್ನು ಹೆದರಿಕೆಯ ಮಾತು. ಇಲ್ಲಿ ನೀವು ಸ್ವಲ್ಪ ಇತಿಹಾಸ ಓದಿ ಬರೆದಿದ್ದರೆ ಚೆನ್ನಾಗಿತ್ತು. 1996ರಲ್ಲಿ ಬ್ರಿಟನ್ನಿನ ಅಂಗಡಿಗಳಿಗೆ ಕುಲಾಂತರಿ ಟೊಮೆಟೊದ ಪೇಸ್ಟ್ ಬಂತು. ಕದ್ದುಮುಚ್ಚಿ ಬರಲಿಲ್ಲ, ಡಬ್ಬಿಯ ಮೇಲೆ ಕಾಣುವ ಹಾಗೆ ಬರೆದುಕೊಂಡೇ ಬಂತು. ಮಾಮೂಲಿ ಪೇಸ್ಟಿಗಿಂತ ಅಗ್ಗವೂ ಆಗಿತ್ತು. ಜನ ಓದಿದರು, ಕೊಂಡರು, ಡಬ್ಬಿಗಳು ಲಕ್ಷಗಟ್ಟಲೆ ಖರ್ಚಾದವು. ಅದೇ ವರ್ಷ ಅಮೆರಿಕದಿಂದ ಹಡಗಿನಲ್ಲಿ ಬಂದ ಕುಲಾಂತರಿ ಸೋಯಾ ಮಾತ್ರ ಮಾಮೂಲಿ ಸೋಯಾದ ಜೊತೆ ಬೆರೆತು, ಬೇರ್ಪಡಿಸಲು ಬಾರದ ಹಾಗೆ, ಹೇಳದೆ ಕೇಳದೆ ನೂರಾರು ತಿನಿಸುಗಳ ಒಳಗೆ ಸೇರಿಕೊಂಡಿತು. ಗುಟ್ಟು ರಟ್ಟಾದಾಗ ಜನ ಸಿಡಿದೆದ್ದರು. ಆ ಸಿಟ್ಟಿನ ನೆರೆಯಲ್ಲಿ, 1999ರ ಹೊತ್ತಿಗೆ, ಹೆಸರು ಹೇಳಿಕೊಂಡೇ ಬಂದಿದ್ದ ಟೊಮೆಟೊವೂ ಕೊಚ್ಚಿಹೋಯಿತು. ಕದ್ದವನು ಒಬ್ಬ, ಪೆಟ್ಟು ತಿಂದವನು ಇನ್ನೊಬ್ಬ.

ಬೇಗ ಬೆಳೆಯಲೆಂದು ಬೇರೆ ಮೀನಿನ ಜೀನ್ ಸೇರಿಸಿದ ಸಾಲ್ಮನ್ 2017ರಲ್ಲಿ ಕೆನಡಾದಲ್ಲಿ ಮಾರಾಟವಾಯಿತು. ಸುಮಾರು 4.5 ಟನ್ ಮಾರಿದ್ದೇವೆ ಎಂದು ಕಂಪನಿಯೇ ಪ್ರಕಟಿಸಿತು, ಆದರೆ ಮಾರಿ ಆದ ಮೇಲೆ. ತಿಂದವರಿಗೆ ತಾವು ಅದನ್ನೇ ತಿಂದೆವೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ಅವರಿಗೆ ಹೊಟ್ಟೆನೋವು ಬರಲಿಲ್ಲ ಎನ್ನುತ್ತೀರಿ. ಒಪ್ಪಿದೆ. ಬರಲಿಲ್ಲ ಎಂದು ಲೆಕ್ಕ ಇಡುವುದಕ್ಕಾದರೂ ಯಾರು ತಿಂದರೆಂದು ಗೊತ್ತಿರಬೇಡವೇ, ಸ್ವಾಮಿ?

ಪಟ್ಟಿ ಕಂಡರೆ ಜನ ಹೆದರುತ್ತಾರೆಂಬ ನಿಮ್ಮ ಊಹೆ ತಲೆಕೆಳಗಾದದ್ದು ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ. 2016ರ ಜುಲೈಯಲ್ಲಿ ಅಲ್ಲಿ ಪಟ್ಟಿ ಕಡ್ಡಾಯವಾಯಿತು. ಸಮೀಕ್ಷೆ ಮಾಡಿದವರು 2018ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಪಟ್ಟಿ ಬಂದ ಮೇಲೆ ಅಲ್ಲಿ ಕುಲಾಂತರಿ ಆಹಾರದ ಮೇಲಿನ ವಿರೋಧ 19% ಇಳಿದಿತ್ತು. ವಿರೋಧಿಗಳಿಗೂ ಇದು ರುಚಿಸುವ ಸುದ್ದಿಯಲ್ಲ ಬಿಡಿ. ಖರ್ಚಿನ ಚಿಂತೆಗೂ ಒಂದು ಮಾತು: ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಇದೇ ಪಟ್ಟಿಯ ಪ್ರಸ್ತಾಪ ಮತಕ್ಕೆ ಬಂದಾಗ, ಅದನ್ನು ಸೋಲಿಸಲು ಬೀಜ ಮತ್ತು ಆಹಾರದ ಕಂಪನಿಗಳು ಸುರಿದದ್ದು 4 ಕೋಟಿ ಡಾಲರಿಗೂ ಹೆಚ್ಚು. ಬರೆಯಲು ದುಡ್ಡಿಲ್ಲ, ಬರೆಯದಿರಲು ಇದೆ.

ಕೊನೆಗೆ ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದೇ ಕಾನೂನು ಬಂದು ವರ್ಮಾಂಟಿನದನ್ನು ನುಂಗಿತು. 2022ರ ಜನವರಿಯಿಂದ ಕಡ್ಡಾಯ. ಅದು ಬಂದಾಗಿನ ಚಂದ ನೋಡಿ: ಜನರ ಬಾಯಲ್ಲಿದ್ದ ಹೆಸರು ಬಿಟ್ಟು ‘ಬಯೋಎಂಜಿನಿಯರ್ಡ್’ ಎಂಬ ಹೊಸ ಶಬ್ದ. ಶುದ್ಧೀಕರಿಸಿದ ಎಣ್ಣೆ, ಸಕ್ಕರೆಯಲ್ಲಿ ಬದಲಿಸಿದ ಜೀನಿನ ಕುರುಹು ಸಿಗದಿದ್ದರೆ ಪಟ್ಟಿಯೇ ಬೇಕಿರಲಿಲ್ಲ. ಅಕ್ಷರದ ಬದಲು ಕ್ಯೂಆರ್ ಕೋಡ್ ಹಾಕಿದರೂ ಆಗುತ್ತಿತ್ತು. ಕರಡು ತಿದ್ದಲು ಕೊಂಡ ಭೂತಗನ್ನಡಿಯನ್ನು ನಾನೀಗ ಅಡುಗೆಮನೆಗೂ ಒಯ್ಯುತ್ತೇನೆ, ಮನೆಯವರು ನಗುತ್ತಾರೆ. ಆದರೆ ಆ ಕಪ್ಪು ಚುಕ್ಕಿಗಳ ಚೌಕದ ಮುಂದೆ ಭೂತಗನ್ನಡಿಯೂ ಕುರುಡು. ಬ್ಯಾಂಕಿನ ಅರ್ಜಿ, ವಿಮೆಯ ಕರಾರು, ಔಷಧದ ಚೀಟಿ ಎಲ್ಲದರಲ್ಲೂ ಇದೇ ಆಟ. ಹೊಗಳಿಕೆ ಅಂಗೈ ಅಗಲದ ಅಕ್ಷರದಲ್ಲಿ, ವಿಷಯ ಇರುವೆ ಸಾಲಿನಲ್ಲಿ.

ಬೇರೆಯವರನ್ನು ಬೈದು ನಾನು ಸಾಚಾ ಎನ್ನುತ್ತಿಲ್ಲ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪುಟದಲ್ಲಿ ಜಾಗ ಸಾಲದೆಂದು ಒಂದು ಕತೆಯ ಅನುವಾದಕರ ಹೆಸರು ಹಾರಿಸಿದ್ದೆ. ಅವರು ಸಂಚಿಕೆ ಹಿಡಿದು ಬಂದು ನನ್ನ ಮುಂದೆ ಕೂತರು. ಬೈಯಲಿಲ್ಲ. “ಇದು ತಾನೇ ತಾನಾಗಿ ಕನ್ನಡ ಆಯಿತೇನಪ್ಪಾ?” ಎಂದು ಕೇಳಿ, ಕೊಟ್ಟ ಕಾಫಿ ಕುಡಿದು ಹೋದರು. ಒಂದು ಸಾಲಿನ ಜಾಗ ಅದು. ಇವತ್ತಿಗೂ ಅನುವಾದಕರ ಹೆಸರನ್ನು ರಕ್ಷಾಪುಟದಲ್ಲಿ ಹಾಕದ ಪುಸ್ತಕ ವಿಮರ್ಶೆಗೆ ಬಂದರೆ ನನಗೆ ಮೈ ಉರಿಯುತ್ತದೆ, ಇನ್ನು ಚಿತ್ರ ಬರೆದವರ ಪಾಡು ಕೇಳಲೇಬೇಡಿ.

ನೀವು ಬುದ್ಧಿವಂತರು, ಭಾಷೆ ಚೊಕ್ಕವಾಗಿದೆ, ವಿಕಿರಣದ ವಿಷಯದಲ್ಲಿ ನನ್ನನ್ನು ಸರಿಯಾಗಿ ಹಿಡಿದಿದ್ದೀರಿ. ವಿಕಿರಣದ ತಳಿಗಳ ಮೇಲೆ ಒಂದು ಪೂರ್ತಿ ಲೇಖನವನ್ನೇ ಬರೆದು ಕಳಿಸಿ. ನಾಲ್ಕು ಪುಟ ಬಿಟ್ಟಿರುತ್ತೇನೆ. ನಾಲ್ಕನೆಯದರ ಕೊನೆಯಲ್ಲಿ ಒಂದು ಸಾಲಿನ ಜಾಗ ನಿಮ್ಮ ಹೆಸರಿಗೆ.