ಹನ್ನೊಂದು ದಿನ ತೆರೆಯದ ಮೇಲ್

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಅವರು ಪಿಎಚ್‌ಡಿ ಮೂರನೇ ವರ್ಷದಲ್ಲಿದ್ದರು. ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದು ಕೂತವರೇ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು. ಅದು ಒಮ್ಮೆ ಗುಂಯ್ ಎಂದಿತು. ಮಾತು ಅರ್ಧಕ್ಕೇ ನಿಂತಿತು, ಕೈ ಸೀರೆಯಂಚನ್ನು ಹಿಂಡತೊಡಗಿತು. ಗೈಡ್ ಕಳಿಸಿದ ಒಂದು ಇ-ಮೇಲ್ ಹನ್ನೊಂದು ದಿನದಿಂದ ಹಾಗೇ ಬಿದ್ದಿತ್ತು. ಎರಡನೇ ಚಾಪ್ಟರ್ ಬಗ್ಗೆ.

ರಾತ್ರಿ ಎರಡಾದರೂ ನಿದ್ದೆಯಿಲ್ಲ, ಎದೆ ಡವಡವ. ಫೆಲೋಶಿಪ್ ಹಣ ತಡ. ಮನೆಯವರು "ಯಾವಾಗ ಮುಗಿಯುತ್ತೆ?" ಎಂದು ಕೇಳುತ್ತಲೇ ಇದ್ದರು. ಇದೆಲ್ಲಕ್ಕಿಂತ ಜಾಸ್ತಿ ಅವರನ್ನು ಕೊರೆಯುತ್ತಿದ್ದದ್ದು ಒಂದೇ ಮಾತು: "ನಾನು ಸೋಮಾರಿ ಮೇಡಂ."

ಸೋಮಾರಿತನಕ್ಕೆ ಹೀಗೆ ನಿದ್ದೆ ಕೆಡುವುದಿಲ್ಲ. ಆತಂಕ ಎಷ್ಟಿದೆ ಎಂದು ಅಳೆಯುವ ಜಿಎಡಿ-7 ಎಂಬ ಏಳು ಪ್ರಶ್ನೆಗಳಿಗೆ ಉತ್ತರ ಬರೆಸಿದೆ. 21ಕ್ಕೆ 14 ಬಂತು. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನಷ್ಟು ವಿಚಾರಿಸಲೇಬೇಕು. ಬದುಕು ಬೇಡ ಅನಿಸಿದೆಯಾ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ಥೈರಾಯ್ಡ್ ಏರುಪೇರಾದರೂ ಎದೆ ಹೀಗೆ ಬಡಿಯುತ್ತದೆ, ಅದಕ್ಕೇ ಡಾಕ್ಟರ ಹತ್ತಿರವೂ ಕಳಿಸಿದೆ. 2018ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ 26 ದೇಶಗಳ 2,279 ವಿದ್ಯಾರ್ಥಿಗಳು ಉತ್ತರ ಕೊಟ್ಟಿದ್ದರು, ಹೆಚ್ಚಿನವರು ಪಿಎಚ್‌ಡಿಯವರೇ. ನೂರಕ್ಕೆ 41 ಮಂದಿಯಲ್ಲಿ ಮಧ್ಯಮ ಅಥವಾ ತೀವ್ರ ಆತಂಕ ಕಂಡಿತ್ತು. ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು.

ಮೇಲ್ ತೆರೆಯದೆ ಪಕ್ಕಕ್ಕಿಟ್ಟರೆ ಐದು ನಿಮಿಷ ಹಗುರ ಅನಿಸುತ್ತೆ. ಆ ಹಗುರವೇ ಮರುದಿನವೂ ಪಕ್ಕಕ್ಕಿಡಿಸುತ್ತೆ. ಅಷ್ಟರಲ್ಲಿ ಅದು ಮನಸ್ಸಿನೊಳಗೆ ಬೆಳೆದು ಕೂತಿರುತ್ತೆ.

"ಇಲ್ಲೇ ತೆರೆಯೋಣ್ವಾ?" ಎಂದೆ. ಮೊದಲು ಒಳಗೇನಿರಬಹುದೆಂದು ಬರೆಯಲು ಹೇಳಿದೆ. 'ನಿನ್ನ ಕೈಲಾಗಲ್ಲ, ಬಿಟ್ಟುಬಿಡು' ಎಂದು ಬರೆದರು. ತೆರೆದರೆ ಇದ್ದದ್ದು: ಎರಡು ಪ್ಯಾರಾ ತಿದ್ದಬೇಕು, ಒಂದು ಕೋಷ್ಟಕ ಬಿಟ್ಟುಹೋಗಿದೆ, ಯಾವಾಗ ಸಿಗುತ್ತೀರಿ? ಎಲ್ಲ ಗೈಡ್‌ಗಳ ಇ-ಮೇಲ್ ಹೀಗಿರುವುದಿಲ್ಲ, ಗೊತ್ತು. ಗೈಡ್ ಅವಮಾನ ಮಾಡುವವರಾದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು.

ಎರಡು ಸಾಲಿನ ಉತ್ತರವನ್ನು ಅಲ್ಲೇ ಬರೆಸಿದೆ. ಮೇಲ್ ನೋಡಲು ದಿನಕ್ಕೊಂದು ಹೊತ್ತು ಗೊತ್ತುಮಾಡಿಕೊಂಡರು. ಚಿಂತೆಗಳನ್ನು ಬರೆದಿಡಲು ಸಂಜೆ ಇಪ್ಪತ್ತು ನಿಮಿಷ, ಒಂದು ನೋಟ್‌ಬುಕ್. ರಾತ್ರಿ ಬಂದ ಚಿಂತೆಗೆ 'ನಾಳೆ ಸಂಜೆ' ಎನ್ನಬೇಕು. ಮೊದಮೊದಲು ಅದು ಮಾತು ಕೇಳುವುದಿಲ್ಲ, ಆದರೂ ಬಿಡಬಾರದು. ಮಧ್ಯಾಹ್ನದ ಮೇಲೆ ಕಾಫಿ ಬೇಡ ಎಂದೆ. ಕುಡಿದು ಐದಾರು ಗಂಟೆಯಾದರೂ ಕೆಫೀನ್ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತೆ.

ಆರು ವಾರದ ಮೇಲೆ ಅಂಕ 8. ಫೆಲೋಶಿಪ್ ಇನ್ನೂ ಬಂದಿರಲಿಲ್ಲ. ಅದಕ್ಕಾಗಿ ಕಚೇರಿಗೆ ಕೊಡಬೇಕಿದ್ದ ಪತ್ರವನ್ನು ಆ ದಿನ ಇಬ್ಬರೂ ಕೂತು ಬರೆದೆವು.