ನಾಯಿಗಳು ಓಡಾಡಿ ಹಿತ್ತಲ ಹುಲ್ಲೆಲ್ಲ ಹೋಗಿದೆ, ಏನು ಮಾಡಲಿ?

ಮನೆಯಲ್ಲಿ ಎರಡು ದೊಡ್ಡ ನಾಯಿಗಳಿವೆ, ಎರಡು ಸಲ ಹಾಸಿದ ಹುಲ್ಲೂ ಉಳಿಯಲಿಲ್ಲ, ಮಳೆಗೆ ಕೆಸರು, ಬಿಸಿಲಿಗೆ ಧೂಳು ಅಂತ ಕೇಳಿದ್ದೀರಿ. ಮೂರನೇ ಸಲ ಹುಲ್ಲು ತರುವ ಮುಂಚೆ ಒಂದು ಸಂಜೆ ಸುಮ್ನೆ ಕೂತು, ನಾಯಿಗಳು ಎಲ್ಲಿ ಓಡುತ್ತವೆ ನೋಡಿ. ಅವು ಹಿತ್ತಲನ್ನೆಲ್ಲ ಒಂದೇ ಸಮ ತುಳಿಯುವುದಿಲ್ಲ. ಬೇಲಿಯ ಪಕ್ಕ, ಗೇಟಿನ ಹತ್ತಿರ, ಹಿಂಬಾಗಿಲ ಮುಂದೆ ದಿನಾ ಅದೇ ದಾರಿ. ನಮ್ಮ ಹೆಣ್ಣುನಾಯಿ ಬೇಲಿಯ ಮೂಲೆಯಲ್ಲಿ ತಿರುಗುವಾಗ ಊರುವ ಕಾಲೂ ಪ್ರತಿ ಸಲ ಅಲ್ಲೇ ಬೀಳುತ್ತದೆ. ಅಷ್ಟು ನೆಲ ಬಟ್ಟಲಿನ ಹಾಗೆ ತಗ್ಗಾಗಿದೆ.

ಆ ದಾರಿಯನ್ನು ಅವಕ್ಕೇ ಬಿಟ್ಟುಕೊಡಿ. ನಾನು ಖಂಡಿತವಾಗಿ ಹೇಳುವುದು ಇದೊಂದನ್ನೇ. ಸುಮಾರು 3 ಅಡಿ ಅಗಲಕ್ಕೆ ಮೂರ್ನಾಲ್ಕು ಇಂಚು ಮಣ್ಣು ತೆಗೆದು, ಸಣ್ಣ ಉರುಟು ಕಲ್ಲನ್ನೋ ಮರದ ತೊಗಟೆ ಚೂರನ್ನೋ ತುಂಬಿ. ಅಂಚಿಗೆ ಇಟ್ಟಿಗೆ ಸಾಲು ಕೊಟ್ಟರೆ ಚೆಲ್ಲಾಡುವುದಿಲ್ಲ. ಒಡೆದ ಜಲ್ಲಿ ಬೇಡ, ಅದರ ಚೂಪಿಗೆ ಅಂಗಾಲು ಗಾಯವಾಗುತ್ತದೆ. ತೊಗಟೆ ಕಾಲಿಗೆ ಮೆತ್ತಗೆ, ಆದರೆ ಕೊಳೆಯುತ್ತದೆ, ಆಗಾಗ ಮೇಲೆ ಹಾಕುತ್ತಿರಬೇಕು. ಕೋಕೋ ಬೀಜದ ಸಿಪ್ಪೆ ಮಾತ್ರ ತರಲೇಬೇಡಿ. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ಅದರಲ್ಲೂ ಇರುತ್ತದೆ, ನಾಯಿಗೆ ವಿಷ.

ಉಳಿದ ಜಾಗದಲ್ಲಿ ಹುಲ್ಲು ಬೆಳೆಸಬಹುದು, ಆದರೆ ಮೊದಲು ಮಣ್ಣು ಸರಿಯಾಗಬೇಕು. ನೆಲ ಸ್ವಲ್ಪ ಹಸಿಯಿದ್ದಾಗ ಉದ್ದನೆಯ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಂದೆರಡು ಇಂಚಿಗೇ ನಿಂತುಬಿಟ್ಟರೆ ಮಣ್ಣು ತುಳಿತಕ್ಕೆ ಗಟ್ಟಿಯಾಗಿದೆ ಅಂತ ಅರ್ಥ. ಅಂಥ ಮಣ್ಣಿನಲ್ಲಿ ನೀರು ಇಳಿಯುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಅದರ ಮೇಲೆ ಎಷ್ಟು ಒಳ್ಳೆಯ ಹುಲ್ಲು ಹಾಸಿದರೂ ಬೇರು ಹಿಡಿಯದೆ ಎದ್ದು ಬರುತ್ತದೆ. ಸುಮಾರು 6 ಇಂಚು ಆಳ ಅಗೆದು, ಚೆನ್ನಾಗಿ ಕೊಳೆತ ಗೊಬ್ಬರ ಬೆರೆಸಿ. ಕೆಸರಾಗಿದ್ದಾಗ ಅಗೆಯಬೇಡಿ, ಇನ್ನಷ್ಟು ಹೆಂಟೆಗಟ್ಟುತ್ತದೆ.

ಬಿಸಿಲು ಚೆನ್ನಾಗಿ ಬೀಳುವ ಕಡೆ ಗರಿಕೆ ಜಾತಿಯ ಹುಲ್ಲು ಹಾಕಿ. ಅದು ನೆಲದ ಮೇಲೂ ಒಳಗೂ ಕುಡಿ ಹರಿಸಿ, ತುಳಿದ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ. ಮರದ ನೆರಳಿನಲ್ಲಿ ಗರಿಕೆ ಏಳುವುದಿಲ್ಲ, ಅಲ್ಲಿಗೂ ತೊಗಟೆಯೇ ಸರಿ. ಹೊಸ ಹುಲ್ಲಿಗೆ 6ರಿಂದ 8 ವಾರ ತಾತ್ಕಾಲಿಕ ಬೇಲಿ ಹಾಕಿ. ಬೇರು ಇಳಿಯುವವರೆಗೆ ನಾಯಿಯನ್ನು ಬಿಡಲೇಬಾರದು. ಇದು ಕಷ್ಟ, ಗೊತ್ತು, ಆದರೆ ಜಾಸ್ತಿ ಹುಲ್ಲು ಹಾಳಾಗುವುದು ಈ ಹಂತದಲ್ಲೇ.

ಸುತ್ತ ಕಡು ಹಸಿರು, ನಡುವೆ ಒಣಗಿದ ಹಳದಿ ಮಚ್ಚೆ ಕಂಡರೆ ಅದು ಮೂತ್ರದ್ದು. ಹುಳಿ ಅಂಶದಿಂದ ಸುಡುತ್ತದೆ ಅಂತ ಕೆಲವರು ಸುಣ್ಣ ಹಾಕುತ್ತಾರೆ. ಅದರಿಂದ ಉಪಯೋಗವಿಲ್ಲ. ಸುಡುವುದು ಅತಿಯಾದ ಸಾರಜನಕ ಮತ್ತು ಲವಣ. ಅಂಚಿನಲ್ಲಿ ಅದೇ ಸಾರಜನಕ ಕಡಿಮೆ ಇರುವುದರಿಂದ ಗೊಬ್ಬರವಾಗುತ್ತದೆ, ಅದಕ್ಕೇ ಆ ಹಸಿರು ಉಂಗುರ. ನಾಯಿ ಮೂತ್ರ ಮಾಡಿದ ಕೂಡಲೇ ಅಲ್ಲಿಗೆ ಧಾರಾಳವಾಗಿ ನೀರು ಸುರಿಯಿರಿ, ಸಾಕು. ಮೂತ್ರದ ಗುಣ ಬದಲಿಸುವ ಪುಡಿ, ಮಾತ್ರೆಗಳನ್ನು ಪಶುವೈದ್ಯರನ್ನು ಕೇಳದೆ ಕೊಡಬೇಡಿ. ಮೂತ್ರಕೋಶದಲ್ಲಿ ಕಲ್ಲಾಗಬಹುದು. ಹುಲ್ಲಿಗಾಗಿ ನಾಯಿಗೆ ಅಂಥ ನೋವು ಬೇಡ, ಅಲ್ವಾ?

ಅಂಚಿಗೆ ಗಿಡ ನೆಡುವುದಾದರೆ ಕಣಗಿಲೆ, ಸೈಕಾಸ್ (ಪುಟ್ಟ ತಾಳೆಯ ಹಾಗೆ ಕಾಣುವ ಅಲಂಕಾರದ ಗಿಡ) ಎರಡೂ ಬೇಡ. ನಾಯಿ ಕಚ್ಚಿ ತಿಂದರೆ ಪ್ರಾಣಕ್ಕೇ ಅಪಾಯ.

ಹಿತ್ತಲಿಗೆ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಮಳೆನೀರು ಯಾವ ಕಡೆ ಹರಿಯುತ್ತದೆ ಅಂತ ನೀವು ಬರೆದಿಲ್ಲ. ತಿಳಿಸಿದರೆ ಹುಲ್ಲು ಎಲ್ಲಿ, ದಾರಿ ಎಲ್ಲಿ ಅಂತ ಇನ್ನೂ ಸರಿಯಾಗಿ ಹೇಳಬಲ್ಲೆ.