ಊಹೆಗೆ ಅಂಕವಿಲ್ಲ ಎನ್ನುವ ಮೊದಲು

ಮುಂಬಯಿ ಬಳಿಯ ಡೊಂಬಿವಲಿಯ ಜೂನಿಯರ್ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಓದುಗರೊಬ್ಬರು ಮೂರು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಪತ್ರದ ಸಾರ ಇಷ್ಟು: ಹನ್ನೆರಡನೆಯ ತರಗತಿಗೆ ಇಪ್ಪತ್ತು ಬಹು ಆಯ್ಕೆ ಪ್ರಶ್ನೆಗಳ ಕಿರುಪರೀಕ್ಷೆ ಇತ್ತು. ಒಬ್ಬ ಹುಡುಗನಿಗೆ 14 ಅಂಕ ಬಂತು. ಉತ್ತರಪತ್ರಿಕೆ ಹಂಚುವಾಗ ಅವನು ತಾನಾಗಿಯೇ ಎದ್ದು, "ಟೀಚರ್, ನನಗೆ ಖಂಡಿತ ಗೊತ್ತಿದ್ದದ್ದು ಎಂಟೇ. ಉಳಿದ ಹನ್ನೆರಡೂ ತುಕ್ಕಾ, ಬರೀ ಊಹೆ. ಅದರಲ್ಲಿ ಆರು ಹೇಗೋ ಸರಿಯಾದವು" ಎಂದ. ಟೀಚರ್ ಆ ಆರು ಅಂಕಗಳನ್ನು ಕಳೆದು 14ನ್ನು 8 ಮಾಡಿದರು. ಮರುದಿನ ಹುಡುಗನ ತಂದೆ ತಮ್ಮ ಕ್ಯಾಂಟೀನಿನ ಕೆಲಸ ಬಿಟ್ಟು ಕಾಲೇಜಿಗೆ ಬಂದರು. "ಗೊತ್ತಿಲ್ಲದೆ ಬರೆದದ್ದಕ್ಕೂ ಅಂಕ ಕೊಟ್ಟರೆ ನಿದ್ದೆಗೆಟ್ಟು ಓದಿದ ಮಕ್ಕಳಿಗೆ ಅನ್ಯಾಯವಲ್ಲವೆ? ನಾನು ಮಾಡಿದ್ದು ತಪ್ಪೆ?" ಎಂದು ಟೀಚರ್ ಕೇಳಿದ್ದಾರೆ. ಪ್ರಶ್ನೆಪತ್ರಿಕೆಯ ಪ್ರತಿಯನ್ನೂ ಜೊತೆಗಿಟ್ಟಿದ್ದಾರೆ.

ಟೀಚರ್, ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆಪತ್ರಿಕೆಯನ್ನು ಅದಕ್ಕಿಂತ ಹೆಚ್ಚು ಸಲ ನೋಡಿದೆ. ನೀವು ಅಂಕ ಕಳೆದದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಆದರೆ ನಿಮ್ಮನ್ನು ಕಾಡಿದ ಸಂಕಟ ಸುಳ್ಳಲ್ಲ. ಅದಕ್ಕಾಗಿಯೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಮೊದಲು ಆ ಹುಡುಗನ 'ತುಕ್ಕಾ'ಗಳನ್ನೇ ನೋಡೋಣ. ಹನ್ನೊಂದನೆಯ ಪ್ರಶ್ನೆ: ನೀರಿನಲ್ಲಿ ಬಣ್ಣವಿಲ್ಲದ ಅಯಾನು (ವಿದ್ಯುದಂಶವುಳ್ಳ ಕಣ) ಯಾವುದು? ತಾಮ್ರ, ನಿಕ್ಕೆಲ್, ಕೋಬಾಲ್ಟ್, ಸತು, ಇವು ನಾಲ್ಕು ಆಯ್ಕೆ. ಹುಡುಗ ಸತುವಿಗೆ ಗುರುತು ಹಾಕಿದ್ದಾನೆ. ಏಕೆಂದು ಕೇಳಿದಾಗ ಅವನು ಹೇಳಿದ್ದನ್ನು ನೀವೇ ಬರೆದಿದ್ದೀರಿ: "ಲ್ಯಾಬಿನಲ್ಲಿ ತಾಮ್ರದ್ದು ನೀಲಿ, ನಿಕ್ಕೆಲ್‌ನದು ಹಸಿರು, ಕೋಬಾಲ್ಟ್‌ದು ಗುಲಾಬಿ. ಸತುವಿನದು ಬಿಳಿ ಪುಡಿ ಇದ್ದ ನೆನಪು, ಅದಕ್ಕೇ ಹಾಕಿದೆ." ನೀವು ಬಯಸಿದ ಕಾರಣ ಬೇರೆ. ಸತುವಿನ ಅಯಾನಿನಲ್ಲಿ ಡಿ ಕಕ್ಷಕಗಳು, ಅಂದರೆ ಎಲೆಕ್ಟ್ರಾನ್‌ಗಳಿಗಿರುವ ಒಂದು ಬಗೆಯ ಮನೆಗಳು, ಹತ್ತು ಎಲೆಕ್ಟ್ರಾನ್‌ಗಳಿಂದ ತುಂಬಿರುತ್ತವೆ, ಎಲೆಕ್ಟ್ರಾನ್ ಒಂದು ಡಿ ಕಕ್ಷಕದಿಂದ ಇನ್ನೊಂದಕ್ಕೆ ಜಿಗಿಯಲು ಎಡೆಯಿಲ್ಲ, ಹಾಗಾಗಿ ಬಣ್ಣವಿಲ್ಲ. ಆ ವಾಕ್ಯ ಹುಡುಗನಿಗೆ ಬರಲಿಲ್ಲ, ನಿಜ. ಆದರೆ ನಾಲ್ಕು ಶೀಶೆಗಳನ್ನು ಕಣ್ಣಿಂದ ನೋಡಿ, ಮೂರನ್ನು ಬಣ್ಣದಿಂದ ಗುರುತಿಟ್ಟು, ನಾಲ್ಕನೆಯದನ್ನು ಅದರಿಂದ ಹೊರತೆಗೆದದ್ದು ಊಹೆ ಹೇಗಾದೀತು? ಅವನಿಗೆ ಗೊತ್ತಿತ್ತು. ತನಗೆ ಗೊತ್ತಿದೆ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಪುಸ್ತಕದ ಮಾತಿನಲ್ಲಿ ಹೇಳಲಾಗದ್ದೆಲ್ಲ ತುಕ್ಕಾ ಎಂದು ನಮ್ಮ ಮಕ್ಕಳು ನಂಬಿಬಿಟ್ಟಿದ್ದಾರೆ. ಇದು ನನ್ನನ್ನು ತುಂಬ ನೋಯಿಸುತ್ತದೆ.

ಲೆಕ್ಕವೂ ಅವನ ಕಡೆಗಿದೆ. ನಾಲ್ಕು ಆಯ್ಕೆಗಳ ಹನ್ನೆರಡು ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಮೂರು ಸರಿಯಾಗಬೇಕು. ಇವನದು ಆರು ಸರಿಯಾಗಿವೆ. ಒಬ್ಬ ಹುಡುಗನ ಒಂದು ಪರೀಕ್ಷೆಯಿಂದ ಏನನ್ನೂ ಸಾಬೀತು ಮಾಡಲಾಗದು, ಅದೃಷ್ಟವೂ ಇರಬಹುದು. ಆದರೂ ಎಲ್ಲವೂ ಕತ್ತಲಲ್ಲಿ ಬಿಟ್ಟ ಬಾಣ ಎನ್ನುವ ಮೊದಲು ಯಾರಾದರೂ ಸ್ವಲ್ಪ ತಡೆದು ನೋಡಬೇಕಾದ ಸಂಖ್ಯೆ ಅದು.

ಇನ್ನು ಹದಿನಾಲ್ಕನೆಯ ಪ್ರಶ್ನೆ. ಹೈಡ್ರೋಜನ್ ಫ್ಲೋರೈಡ್, ಕ್ಲೋರೈಡ್, ಬ್ರೋಮೈಡ್, ಅಯೋಡೈಡ್, ಇವುಗಳಲ್ಲಿ ಅತಿ ಹೆಚ್ಚು ಕುದಿಬಿಂದು ಯಾವುದಕ್ಕೆ? ಇಲ್ಲಿ ಹುಡುಗ ಅಕ್ಷರಶಃ ಊಹಿಸಿದ್ದಾನೆ. ಪಟ್ಟಿಯಲ್ಲಿ ಮೊದಲು ಇದ್ದದ್ದನ್ನು ಹಾಕಿದೆ ಎಂದಿದ್ದಾನೆ. ಫ್ಲೋರೈಡ್ ಸರಿ, ಒಂದು ಅಂಕ ಬಂತು. ಅದೇ ಪ್ರಶ್ನೆಗೆ ನಿಮ್ಮ ತರಗತಿಯ ಒಬ್ಬ ಹುಡುಗಿ ಅಯೋಡೈಡ್ ಎಂದು ಬರೆದು ಸೊನ್ನೆ ಪಡೆದಳು. ಅಣು ಭಾರವಾದಷ್ಟೂ ಕುದಿಬಿಂದು ಏರುತ್ತದೆ ಎಂಬುದು ಅವಳ ತರ್ಕ. ಕ್ಲೋರೈಡ್ ಸುಮಾರು −85 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಬ್ರೋಮೈಡ್ −67ರಲ್ಲಿ, ಅಯೋಡೈಡ್ −35ರಲ್ಲಿ. ಮೂರರ ಮಟ್ಟಿಗೆ ಅವಳ ಮಾತು ನೂರಕ್ಕೆ ನೂರು ಸತ್ಯ. ಫ್ಲೋರೈಡ್ ಮಾತ್ರ ಅಣುಗಳನ್ನು ಒಂದಕ್ಕೊಂದು ಬಿಗಿಯಾಗಿ ಹಿಡಿಯುವ ಹೈಡ್ರೋಜನ್ ಬಂಧದ ದೆಸೆಯಿಂದ ಸಾಲು ಮುರಿದು 19.5 ಡಿಗ್ರಿಗೆ ಹೋಗಿ ಕೂತಿದೆ. ಅವಳಿಗೆ ತಪ್ಪಿದ್ದು ಆ ಒಂದು ಹೆಜ್ಜೆ. ಮುಕ್ಕಾಲು ದಾರಿ ನಡೆದವಳಿಗೆ ಸೊನ್ನೆ, ಹೊಸ್ತಿಲೇ ದಾಟದವನಿಗೆ ಒಂದು.

ಈ ಅನ್ಯಾಯ ನಿಮ್ಮ ಕಣ್ಣಿಗೆ ಬಿದ್ದಿದೆ, ಅದಕ್ಕೇ ನಿಮಗೆ ಸಂಕಟವಾಗಿದೆ. ಆದರೆ ಅದನ್ನು ಮಾಡಿದವನು ಹುಡುಗನಲ್ಲ. ಪ್ರಶ್ನೆಪತ್ರಿಕೆ ಒಂದು ಅಕ್ಷರವನ್ನಷ್ಟೇ ಕೇಳಿತು, ಅವನು ಅಕ್ಷರವನ್ನು ಕೊಟ್ಟ. ಕಾರಣ ಕೇಳದೆ ಕೊಟ್ಟ ಅಂಕವನ್ನು ಆಮೇಲೆ ಕಾರಣ ಕೇಳಿ ಕಿತ್ತುಕೊಳ್ಳುವಂತಿಲ್ಲ. ಅದೂ ಅವನೊಬ್ಬನಿಂದ! ಆ ತರಗತಿಯಲ್ಲಿ ತುಕ್ಕಾ ಹಾಕಿದವರು ಇನ್ನೆಷ್ಟು ಮಂದಿಯೋ. ಅವರು ಬಾಯಿ ಬಿಡಲಿಲ್ಲ, ಅವರ ಅಂಕ ಉಳಿಯಿತು. ನಿಜ ಹೇಳಿದವನ ಅಂಕ ಹೋಯಿತು. ಅರವತ್ತು ಮಕ್ಕಳು ಆ ದಿನ ಇದನ್ನು ನೋಡುತ್ತ ಕೂತಿದ್ದರು.

ಕಾರಣವನ್ನು ಹೇಗೆ ಕೇಳಬೇಕೆಂದು ನಾನು ಕಲಿತ ಸಂದರ್ಭವೊಂದನ್ನು ಹೇಳುತ್ತೇನೆ. ಮುಂಬಯಿಯ ಫೋರ್ಟಿನ ಹೋಟೆಲಿನಲ್ಲಿ ಹಗಲು ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಹೇಗೋ ವಿಜ್ಞಾನ ವಿಭಾಗಕ್ಕೆ ಸೇರಿದವನು ನಾನು. ಪ್ರಾಯೋಗಿಕ ಪರೀಕ್ಷೆಯಲ್ಲಿ ಕಾಗದದ ಪೊಟ್ಟಣದಲ್ಲಿ ಬಿಳಿ ಲವಣ ಬಂತು. ಪ್ರನಾಳದಲ್ಲಿ ಕಾಸ್ಟಿಕ್ ಸೋಡಾ ಜೊತೆ ಬಿಸಿ ಮಾಡಿದೆ, ಅಮೋನಿಯಾ ಮೂಗಿಗೆ ಅಡರಿತು. ಮುಂದಿನ ಪರೀಕ್ಷೆಗಳನ್ನು ಮಾಡದೆ ನೇರವಾಗಿ 'ಅಮೋನಿಯಂ ಕ್ಲೋರೈಡ್' ಎಂದು ಬರೆದು ಎದ್ದೆ. ಲ್ಯಾಬಿನಲ್ಲಿ ಬಹುಪಾಲು ಅದೇ ಇರುತ್ತಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಉತ್ತರ ನೋಡಿ ತಲೆಯಾಡಿಸಿದರು. ಅಂಕ ಬರೆಯಲಿಲ್ಲ. "ಅಮೋನಿಯಂ ಸರಿ. ಕ್ಲೋರೈಡ್ ಎಂದು ಯಾರು ಹೇಳಿದರು?" ಎಂದರು. ನಾನು ಸುಮ್ಮನೆ ನಿಂತೆ. ಅವರು ಗದರಲಿಲ್ಲ. ಒಂದು ಪ್ರನಾಳ ಕೈಗೆ ಕೊಟ್ಟು, "ಈಗ ಅದನ್ನೇ ಕೇಳು" ಎಂದರು. ದ್ರಾವಣಕ್ಕೆ ತುಸು ನೈಟ್ರಿಕ್ ಆಮ್ಲ, ಆಮೇಲೆ ಸಿಲ್ವರ್ ನೈಟ್ರೇಟಿನ ನಾಲ್ಕು ಹನಿ. ಹಾಲು ಒಡೆದಂತೆ ಬಿಳಿ ಗರಣೆ ಕಟ್ಟಿತು. ಅದಕ್ಕೆ ಅಮೋನಿಯಾ ದ್ರಾವಣ ಹಾಕಿದಾಗ ಗರಣೆ ಕರಗಿ ನೀರು ತಿಳಿಯಾಯಿತು. ಕ್ಲೋರೈಡ್ ಎಂಬುದಕ್ಕೆ ಅದೇ ಸಾಕ್ಷಿ. ಆಗ ಅಂಕ ಬರೆದರು. ನನ್ನ ಊಹೆಯನ್ನು ಅವರು ಅಳಿಸಲಿಲ್ಲ, ಅದನ್ನು ಪರೀಕ್ಷೆಗೆ ಒಡ್ಡುವುದನ್ನು ತೋರಿಸಿದರು. ಅಂಕ ಬರೆಯುವ ಮೊದಲು ತೋರಿಸಿದರು ಎಂಬುದನ್ನು ದಯವಿಟ್ಟು ಗಮನಿಸಿ.

ಊಹೆಯನ್ನೇ ಕೀಳಾಗಿ ಕಾಣುವುದು ನಿಮ್ಮ ವಿಷಯಕ್ಕೆ ಒಪ್ಪುವುದಿಲ್ಲ, ಟೀಚರ್. ನಿಮ್ಮ ತರಗತಿಯ ಗೋಡೆಯ ಮೇಲಿರುವ ಆವರ್ತಕ ಕೋಷ್ಟಕವನ್ನೇ ನೋಡಿ. ಅದನ್ನು ರೂಪಿಸಿದ ರಷ್ಯದ ಮೆಂಡಲೀವ್ 1871ರಲ್ಲಿ ಅಲ್ಯೂಮಿನಿಯಂ ಕೆಳಗಿನ ಖಾಲಿ ಮನೆಗೆ, ಇನ್ನೂ ಯಾರೂ ಕಾಣದ ಧಾತುವಿಗೆ, ನಮ್ಮ ಸಂಸ್ಕೃತದ 'ಏಕ' ಸೇರಿಸಿ ಏಕ-ಅಲ್ಯೂಮಿನಿಯಂ ಎಂದು ಹೆಸರಿಟ್ಟ. ಅದರ ಸಾಂದ್ರತೆ ನೀರಿನ ಸುಮಾರು 5.9 ಪಟ್ಟು ಇರಬೇಕೆಂದ. 1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೊದ್ರಾನ್ ಅದೇ ಧಾತುವನ್ನು, ಈಗಿನ ಗ್ಯಾಲಿಯಂ ಅನ್ನು, ಕಂಡುಹಿಡಿದು 4.7 ಎಂದು ಅಳೆದ. ಧಾತುವನ್ನು ಕಣ್ಣಲ್ಲೇ ಕಾಣದ ಮೆಂಡಲೀವ್, ಇನ್ನಷ್ಟು ಶುದ್ಧಗೊಳಿಸಿ ಮತ್ತೆ ಅಳೆಯಬೇಕೆಂದ. ಮತ್ತೆ ಅಳೆದಾಗ 5.9 ಬಂತು! ಅವನ ಊಹೆಗಳಲ್ಲಿ ಸುಳ್ಳಾದವೂ ಇವೆ. ಹೈಡ್ರೋಜನ್ನಿಗಿಂತ ಹಗುರವಾದ ಧಾತುಗಳಿವೆ ಎಂದೂ ಅವನು ನಂಬಿದ್ದ. ಆದರೂ ಒಂದೊಂದು ಊಹೆಗೂ ಅವನ ಬಳಿ ಕಾರಣವಿತ್ತು, ಅಳೆದು ನೋಡಿ ಎನ್ನುವ ಧೈರ್ಯವಿತ್ತು.

ತಪ್ಪು ಉತ್ತರಕ್ಕೆ ಅಂಕ ಕಳೆದರೆ ತುಕ್ಕಾ ನಿಲ್ಲುತ್ತದೆಯೆ ಎಂದೂ ನೀವು ಕೇಳಿದ್ದೀರಿ. ನಿಲ್ಲುವುದಿಲ್ಲ. ವೈದ್ಯಕೀಯ ಪ್ರವೇಶದ ನೀಟ್‌ನಲ್ಲಿ ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. ನಾಲ್ಕು ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು; ನಾಲ್ಕರಲ್ಲಿ ಮೂರು ಹೋಗಿ ಇನ್ನೂ ಒಂದು ಅಂಕ ಉಳಿಯುತ್ತದೆ. ಎರಡು ಆಯ್ಕೆಗಳನ್ನು ಬುದ್ಧಿಯಿಂದ ಹೊಡೆದುಹಾಕಿದವನಿಗಂತೂ ಪ್ರತಿ ಪ್ರಶ್ನೆಗೆ ಸರಾಸರಿ ಒಂದೂವರೆ. ಇದು ಧೈರ್ಯದ ಹುಡುಗನಿಗೆ ಗೊತ್ತಿರುತ್ತದೆ, ಅಂಜುವ ಹುಡುಗಿ ಪ್ರಶ್ನೆಯನ್ನು ಖಾಲಿ ಬಿಟ್ಟು ಬರುತ್ತಾಳೆ. ಕಡಿತದ ಪೆಟ್ಟು ಬೀಳುವುದು ಅವಳಿಗೆ. ನಮ್ಮ ಮಹಾರಾಷ್ಟ್ರದ ಸಿಇಟಿಯಲ್ಲಿ ಕಡಿತವೇ ಇಲ್ಲ, ಅಲ್ಲಿ ಒಂದನ್ನೂ ಖಾಲಿ ಬಿಡಬಾರದು. ಒಂದೇ ಬೇಸಿಗೆಯಲ್ಲಿ ಎರಡನ್ನೂ ಬರೆಯುವ ಮಗುವಿಗೆ ಒಂದು ಕಡೆ ತಡೆದು ನೋಡು, ಇನ್ನೊಂದು ಕಡೆ ಬರೆದುಬಿಡು ಎನ್ನುತ್ತೇವೆ. ಅಮೆರಿಕದ ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆಯಲ್ಲೂ ತಪ್ಪಿಗೆ ಕಾಲು ಅಂಕ ಕಳೆಯುವ ಪದ್ಧತಿ ಇತ್ತು, 2016ರಲ್ಲಿ ಅದನ್ನು ಕೈಬಿಟ್ಟರು. ಲಕ್ಷಾಂತರ ಮಂದಿ ಬರೆಯುವ ಪರೀಕ್ಷೆಗಳಿಗೆ ಅವುಗಳದೇ ಅನಿವಾರ್ಯಗಳಿವೆ. ನಿಮ್ಮ ಕಿರುಪರೀಕ್ಷೆಗೆ ಅವು ಯಾವುವೂ ಇಲ್ಲ.

ಹಾಗಾಗಿ ಮುಂದಿನ ಸಲ ಇಪ್ಪತ್ತರ ಬದಲು ಹತ್ತೇ ಪ್ರಶ್ನೆ ಕೊಡಿ. ಪ್ರತಿಯೊಂದರ ಕೆಳಗೆ ಎರಡು ಗೆರೆ ಜಾಗ ಬಿಡಿ. ಆಯ್ಕೆಗೆ ಒಂದು ಅಂಕ, ಕಾರಣಕ್ಕೆ ಒಂದು. ಆಸ್ಟ್ರೇಲಿಯಾದ ವಿಜ್ಞಾನ ಶಿಕ್ಷಣ ಸಂಶೋಧಕ ಡೇವಿಡ್ ಟ್ರೆಗಸ್ಟ್ 1980ರ ದಶಕದಲ್ಲೇ ಇಂಥ ಎರಡು ಹಂತದ ಪ್ರಶ್ನೆಗಳ ಬಗ್ಗೆ ಬರೆದಿದ್ದಾರೆ, ರಸಾಯನಶಾಸ್ತ್ರ ಕಲಿಸುವವರು ಅಂದಿನಿಂದ ಬಳಸುತ್ತಲೂ ಇದ್ದಾರೆ. ಅಯೋಡೈಡ್ ಬರೆದ ಆ ಹುಡುಗಿಗೆ ಆಗ ಅರ್ಧ ಅಂಕವಾದರೂ ಸಿಗುತ್ತದೆ. 'ಗೊತ್ತಿಲ್ಲ, ಊಹಿಸಿದೆ' ಎಂದು ಬರೆಯಲೂ ಬಿಡಿ, ಅದಕ್ಕೆ ಏನನ್ನೂ ಕಳೆಯಬೇಡಿ. ಅರವತ್ತು ಪತ್ರಿಕೆಗಳಲ್ಲಿ ಅರವತ್ತು ಕೈಬರಹ ಓದುವ ಕಷ್ಟ ನನಗೆ ತಿಳಿಯದ್ದಲ್ಲ. ಸಂಜೆ ಲೋಕಲ್‌ನಲ್ಲಿ ಜೋತುಬಿದ್ದು ಮನೆ ಸೇರಿ, ಅಡುಗೆ ಮುಗಿಸಿ, ಆಮೇಲೆ ಆ ಕಟ್ಟು ಬಿಚ್ಚಬೇಕು ಎಂದು ನೀವೇ ಬರೆದಿದ್ದೀರಿ. ಹತ್ತು ಹೆಚ್ಚಾದರೆ ಐದು ಕೊಡಿ.

ಆ ಆರು ಅಂಕಗಳನ್ನು ಮಾತ್ರ ಮರಳಿ ಕೊಡಿ. ಕಳೆದದ್ದು ತರಗತಿಯ ಎದುರಿಗಾದ್ದರಿಂದ ಕೊಡುವುದೂ ಅಲ್ಲೇ ಆಗಲಿ. ತಂದೆಯವರಿಗೆ ಒಂದು ಫೋನ್ ಮಾಡಿ. ಅದೇ ದಿನ ನಾಲ್ಕು ಪ್ರನಾಳಗಳನ್ನು ಮೇಜಿನ ಮೇಲಿಟ್ಟು, ಸತುವಿನ ದ್ರಾವಣ ಏಕೆ ನೀರಿನಂತಿದೆ ಎಂದು ಆ ಹುಡುಗನನ್ನೇ ಕೇಳಿ. ಅವನು ಏನೆಂದ ಎಂದು ನನಗೂ ಬರೆಯಿರಿ.

— ಸಂಪಾದಕ